ಎದೆಯ ಮೇಲೆ ತಲೆಬುರುಡೆ ಹೊತ್ತವನ ಬಿಡಿ ಕಥೆಗಳು

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಎರಡು ಸಂಚಿಕೆಗಳ ಹಿಂದೆ ಇದೇ ಪುಟದಲ್ಲಿ ಬೇರೇನೋ ಪ್ರಶ್ನೆಗೆ ಉತ್ತರಿಸುತ್ತ 'ಫ್ರಮ್ ಫಸ್ಟ್ ಟು ಲಾಸ್ಟ್' ಎಂಬ ಕಾಮಿಕ್ಸ್ ಸಂಕಲನದ ಹೆಸರೆತ್ತಿದ್ದೆ. ಅಮೆರಿಕದ ಮಾರ್ವೆಲ್ ಪ್ರಕಾಶನದ 'ಪನಿಶರ್' ಎಂಬ ಪಾತ್ರವನ್ನು ಕುರಿತು ಗಾರ್ತ್ ಎನ್ನಿಸ್ ಬರೆದ ಮೂರು ಬಿಡಿ ಕಥೆಗಳನ್ನು ಒಟ್ಟುಗೂಡಿಸಿ 2006ರಲ್ಲಿ ಹೊರತಂದ ಪುಸ್ತಕವದು. ಹೆಸರೆತ್ತಿದ ತಪ್ಪಿಗೆ ಕಾರವಾರದಿಂದ ಯಲ್ಲಾಪುರದವರೆಗೆ ಹಲವರು ಪತ್ರ ಬರೆದಿದ್ದಾರೆ. ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಕಥೆಗಳ ಕೊನೆಯನ್ನು ಇಲ್ಲಿ ಮುಚ್ಚಿಟ್ಟಿಲ್ಲ; ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನವರೆಗೆ ಕೂತು ಯಕ್ಷಗಾನದ ಆಟ ನೋಡುವ ಸೀಮೆಯ ಓದುಗರಿಗೆ ಅದರಿಂದ ಬೇಸರವಾಗದು ಎಂದುಕೊಂಡಿದ್ದೇನೆ.

ಪ್ರಶ್ನೆ: ಟಾಗೋರ್ ಕಡಲತೀರದಲ್ಲಿ ಸಂಜೆ ಹೊತ್ತು ತಿರುಗಾಡುವಾಗ ಹುಡುಗರ ಟೀ ಶರ್ಟುಗಳ ಮೇಲೆ ಉದ್ದ ಹಲ್ಲಿನ ಬಿಳಿ ತಲೆಬುರುಡೆ ಆಗಾಗ ಕಾಣುತ್ತದೆ. ಅದು ಪನಿಶರ್‌ನ ಗುರುತು ಎಂದು ಗೆಳೆಯ ಹೇಳಿದ, ನೀವು ಹೇಳಿದ ಪುಸ್ತಕವನ್ನೂ ಕೊಟ್ಟಿದ್ದಾನೆ. ಆದರೆ ಈ ಪಾತ್ರಕ್ಕೆ ಐವತ್ತು ವರ್ಷಗಳ ಇತಿಹಾಸವಿದೆಯಂತೆ. ಹಿಂದಿನದನ್ನು ಓದದೆ ಇದನ್ನು ಶುರುಮಾಡಬಹುದೇ?
— ಪದವಿ ವಿದ್ಯಾರ್ಥಿ, ಕಾರವಾರ

ಉತ್ತರ: ಧಾರಾಳವಾಗಿ ಶುರುಮಾಡಿ. ನಿಮಗೆ ಗೊತ್ತಿರಬೇಕಾದ ಪೂರ್ವಕಥೆ ಒಂದು ಅಂಗೈಯಲ್ಲಿ ಹಿಡಿಯುವಷ್ಟಿದೆ. ಫ್ರಾಂಕ್ ಕ್ಯಾಸಲ್ ಎಂಬವನು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಮರಳಿದ ಅಮೆರಿಕದ ಮರೀನ್ ಸೈನಿಕ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹೆಂಡತಿ ಮಕ್ಕಳೊಂದಿಗೆ ವಿಹಾರಕ್ಕೆ ಹೋಗಿದ್ದಾಗ ಮಾಫಿಯಾ ತಂಡಗಳ ಗುಂಡಿಗೆ ಅವರೆಲ್ಲ ಬಲಿಯಾಗುತ್ತಾರೆ, ಇವನೊಬ್ಬ ಉಳಿಯುತ್ತಾನೆ. ಅಂದಿನಿಂದ ಪಾತಕಿಗಳನ್ನು ಹುಡುಕಿ ಹುಡುಕಿ ಕೊಲ್ಲುವುದೇ ಅವನ ಕಸುಬು. ಅವನು ಯಾರನ್ನೂ ಹಿಡಿದು ಪೊಲೀಸರಿಗೆ ಒಪ್ಪಿಸುವುದಿಲ್ಲ, ಅವನಿಗೆ ಅತಿಮಾನುಷ ಶಕ್ತಿಯೂ ಇಲ್ಲ. ಕೋವಿ, ತಾಳ್ಮೆ, ಯುದ್ಧದಲ್ಲಿ ಕಲಿತ ವಿದ್ಯೆ, ಇಷ್ಟೇ ಅವನ ಬಂಡವಾಳ.

ಇವನು ಮೊದಲು ಕಾಣಿಸಿಕೊಂಡದ್ದು ನಾಯಕನಾಗಿ ಅಲ್ಲ ಎಂಬುದನ್ನು ಮಾತ್ರ ನೆನಪಿಡಿ. 1974ರ ಫೆಬ್ರವರಿ ತಾರೀಖು ಹೊತ್ತ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸರಣಿಯ 129ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಅಪರಾಧಿಯೆಂದು ತಪ್ಪಾಗಿ ನಂಬಿ ಕೊಲ್ಲಲು ಬಂದವನು ಈತ. ಬರೆದವರು ಗೆರ್ರಿ ಕಾನ್ವೇ, ಸಂಚಿಕೆಯ ಚಿತ್ರಗಳು ರಾಸ್ ಆಂಡ್ರು ಅವರವು. ಕಾನ್ವೇ ಗೀಚಿಕೊಟ್ಟ ನಕ್ಷೆಯಲ್ಲಿ ತಲೆಬುರುಡೆ ಎದೆಯ ಒಂದು ಬದಿಗೆ ಬಿಲ್ಲೆಯಷ್ಟೇ ಇತ್ತಂತೆ. ಅದನ್ನು ಎದೆ ತುಂಬ ಹರಡಿ, ಹಲ್ಲುಗಳನ್ನು ಸೊಂಟದ ಪಟ್ಟಿಯವರೆಗೆ ಇಳಿಬಿಟ್ಟವರು ಹಿರಿಯ ಚಿತ್ರಕಾರ ಜಾನ್ ರೊಮಿಟಾ. ನೀವು ಕಡಲತೀರದಲ್ಲಿ ನೋಡುತ್ತಿರುವ ಉದ್ದ ಹಲ್ಲುಗಳು ಆ ಕೈಯಿಂದ ಬಂದವು.

ಮುಂದಿನ ದಶಕಗಳ ಇತಿಹಾಸವನ್ನು ನೀವು ಓದದಿದ್ದರೆ ನಷ್ಟವಿಲ್ಲ, ಓದಿದರೆ ಒಂದಿಷ್ಟು ಬೇಸರ ಖಂಡಿತ. 1986ರ ಕಿರುಸರಣಿ ಗೆದ್ದು, ಮರುವರ್ಷ ಅವನದೇ ಮಾಸಿಕ ಬಂದು, 1990ರ ದಶಕದ ಆರಂಭದ ಹೊತ್ತಿಗೆ ತಿಂಗಳಿಗೆ ಮೂರು ಸರಣಿಗಳು ಅವನ ಹೆಸರಿನಲ್ಲಿ ಓಡುತ್ತಿದ್ದವು. ಮಾಸಿಕ ಧಾರಾವಾಹಿಯ ನಾಯಕನಿಗೆ ಖಾಯಂ ಖಳರಿರಬೇಕು. ಅವರು ಸೋತು, ಜೈಲಿಗೆ ಹೋಗಿ, ತಪ್ಪಿಸಿಕೊಂಡು ಮತ್ತೆ ಬರಬೇಕು. ಇವನಾದರೋ ಎದುರಾದವರನ್ನೆಲ್ಲ ಕೊಂದೇ ಬಿಡುತ್ತಾನೆ. ಹೀಗಾಗಿ ತಿಂಗಳು ತಿಂಗಳು ಹೊಸ ಹೆಣಗಳನ್ನು ಒದಗಿಸುವುದೇ ಕಥೆಗಾರರ ಕೆಲಸವಾಯಿತು, ಮತ್ತು ಕೊನೆಯಿಲ್ಲದ ಕೊಲೆ ಎಷ್ಟೇ ಚೆನ್ನಾಗಿ ಚಿತ್ರಿಸಿದರೂ ನಾಲ್ಕನೆಯ ಸಂಚಿಕೆಗೆ ಕಣ್ಣು ಎಳೆಯುತ್ತದೆ. ಬಿಡಿ ಕಥೆಯಲ್ಲಿ ಈ ತಾಪತ್ರಯವಿಲ್ಲ. ಇಡಗುಂಜಿ ಮೇಳದ ಆಟಕ್ಕೆ ಹೋಗುವವರು ಆದಿಪರ್ವದಿಂದ ಭಾರತ ಓದಿ ಮುಗಿಸಿ ಹೊರಡುವುದಿಲ್ಲವಷ್ಟೆ. ಭಾಗವತರು ಪದ ಎತ್ತಿದ ಕೂಡಲೇ ಯಾವ ಪ್ರಸಂಗ, ಯಾವ ಸಂದರ್ಭ ಎಂಬುದು ತಾನಾಗಿ ತೆರೆದುಕೊಳ್ಳುತ್ತದೆ, ಆ ರಾತ್ರಿಗೆ ಬೇಕಾದ ಕಥೆ ಆ ರಾತ್ರಿಯೇ ಮುಗಿಯುತ್ತದೆ. ಪನಿಶರ್ ಕೂಡ ಪ್ರಸಂಗಕ್ಕೆ ಒಗ್ಗುವ ಪಾತ್ರ, ಧಾರಾವಾಹಿಗಲ್ಲ. ನಿಮ್ಮ ಗೆಳೆಯ ಸರಿಯಾದ ಪುಸ್ತಕವನ್ನೇ ಕೈಗಿತ್ತಿದ್ದಾನೆ.

ಪ್ರಶ್ನೆ: ನಾವು ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ತಲೆಮಾರಿನವರು. ಫ್ಯಾಂಟಮ್ ಕೂಡ ತಲೆಬುರುಡೆಯ ಉಂಗುರ ತೊಟ್ಟವನೇ. ಅವನನ್ನು ನಾಯಕ ಎಂದಿರಿ, ಇವನನ್ನು 'ಆ್ಯಂಟಿ ಹೀರೋ' ಎನ್ನುತ್ತೀರಿ. ವ್ಯತ್ಯಾಸವೇನು? ಅದಕ್ಕೆ ಕನ್ನಡದಲ್ಲಿ 'ಪ್ರತಿನಾಯಕ' ಎಂದರೆ ಸಾಲದೇ?
— ನಿವೃತ್ತ ಉಪನ್ಯಾಸಕರು, ಶಿರಸಿ

ಉತ್ತರ: ಸಾಲದು, ಸರ್. ನಮ್ಮ ಕಾವ್ಯಮೀಮಾಂಸೆಯಲ್ಲಿ ಪ್ರತಿನಾಯಕನೆಂದರೆ ನಾಯಕನಿಗೆ ಎದುರಾಳಿ. ರಾಮನಿಗೆ ರಾವಣ ಇದ್ದಂತೆ. 'ಆ್ಯಂಟಿ ಹೀರೋ' ಆದವನು ಕಥೆಯ ನಡುವಿನಲ್ಲೇ, ನಾಯಕನ ಮಣೆಯ ಮೇಲೆಯೇ ಕೂತಿರುತ್ತಾನೆ, ಆದರೆ ಆ ಮಣೆಗೆ ತಕ್ಕ ಗುಣಗಳು ಅವನಲ್ಲಿ ಇರುವುದಿಲ್ಲ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂದು ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ಲಾಕ್ಷಣಿಕರು ಭೀಮಸೇನನಂಥವರನ್ನು ಧೀರೋದ್ಧತರ ಸಾಲಿನಲ್ಲಿ ಇಟ್ಟರು. ಹೊಸ ಪದ ಟಂಕಿಸುವ ಮೊದಲು 'ಉದ್ಧತ ನಾಯಕ' ಎಂಬ ಹಳೆಯ ಪದವನ್ನೇ ಝಾಡಿಸಿ ಬಳಸಬಹುದೆಂದು ನನಗೆ ಅನ್ನಿಸುತ್ತದೆ. ಅದೂ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಫ್ಯಾಂಟಮ್‌ನ ಹೋಲಿಕೆಯನ್ನು ನೀವು ತೆಗೆದದ್ದು ಒಳ್ಳೆಯದಾಯಿತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಆ ಪಾತ್ರದ ಮೂಲದಲ್ಲೂ ಕೊಲೆಯಿದೆ: ಮೊದಲನೆಯ ಫ್ಯಾಂಟಮ್ ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆಯೇ ಕೈಯಿಟ್ಟು ಶಪಥ ಮಾಡುತ್ತಾನೆ. ಆದರೆ ಆ ಶಪಥ ತಂದೆಯಿಂದ ಮಗನಿಗೆ ಇಳಿದು 21ನೆಯವನ ಹೊತ್ತಿಗೆ ಒಂದು ಹುದ್ದೆಯಾಗಿಬಿಟ್ಟಿದೆ. ಅವನಿಗೆ ಗುಹೆಯಲ್ಲಿ ಸಿಂಹಾಸನವಿದೆ, ಕುದುರೆಯಿದೆ, ತೋಳವಿದೆ, ಹೆಂಡತಿ ಡಯಾನಾ ಇದ್ದಾಳೆ. ಅವನ ಉಂಗುರ ದುಷ್ಟರ ದವಡೆಯ ಮೇಲೆ ಅಚ್ಚೊತ್ತುತ್ತದೆ, ಹೊಡೆತ ತಿಂದವನು ಆ ಗುರುತು ಹೊತ್ತು ಬದುಕಿರುತ್ತಾನೆ. ಕ್ಯಾಸಲ್‌ನ ಗುರುತು ಅವನ ಎದೆಯ ಮೇಲೇ ಉಳಿಯುತ್ತದೆ. ಅವನು ಹೊಡೆದವರು ಯಾರಿಗೂ ತೋರಿಸಲು ಉಳಿದಿರುವುದಿಲ್ಲ.

ಪ್ರಶ್ನೆ: ಇದರಲ್ಲಿ ಹೊಸದೇನಿದೆ? ದುಶ್ಶಾಸನನ ರಕ್ತ ಕುಡಿದ ಭೀಮನನ್ನು, ಇಪ್ಪತ್ತೊಂದು ಬಾರಿ ಕ್ಷತ್ರಿಯರನ್ನು ತರಿದ ಪರಶುರಾಮನನ್ನು ನಾವು ಚಿಕ್ಕಂದಿನಿಂದ ರಂಗಸ್ಥಳದ ಮೇಲೆ ನೋಡುತ್ತಲೇ ಬಂದಿದ್ದೇವೆ. ಅವರನ್ನು ಬಿಟ್ಟು ಅಮೆರಿಕದ ಕೊಲೆಗಾರನನ್ನು ಓದಬೇಕಾದ ಅಗತ್ಯವೇನು?
— ಹವ್ಯಾಸಿ ಅರ್ಥಧಾರಿ, ಹೊನ್ನಾವರ

ಉತ್ತರ: ತಾಳಮದ್ದಲೆಯಲ್ಲಿ ಮಾತಿನಿಂದಲೇ ಪಾತ್ರ ಕಟ್ಟುವ ಅರ್ಥಧಾರಿಗಳ ಪ್ರಶ್ನೆಗೆ ಉತ್ತರ ಕೊಡುವಾಗ ಸ್ವಲ್ಪ ಹುಷಾರಾಗಿರಬೇಕು, ಆದ್ದರಿಂದ ನಿಧಾನವಾಗಿ ಹೋಗೋಣ.

ಕೀಚಕ ವಧೆಯನ್ನೇ ತೆಗೆದುಕೊಳ್ಳಿ. ಸೈರಂಧ್ರಿಯನ್ನು ಕೀಚಕ ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ವಿರಾಟರಾಯ ಸಿಂಹಾಸನದ ಮೇಲೆ ಕೂತು ನೋಡುತ್ತಾನೆ. ಅವನಿಗೆ ಸೇನಾಪತಿಯ ಹೆದರಿಕೆ, ಆದ್ದರಿಂದ ನ್ಯಾಯ ಕೇಳಿದವಳಿಗೆ ನ್ಯಾಯ ಸಿಗುವುದಿಲ್ಲ. ಆಮೇಲೆ ಭೀಮ ಮಾಡಿದ್ದೇನು? ಅವನಾಗಲೇ ವೇಷ ಮರೆಸಿಕೊಂಡಿದ್ದ. ರಾತ್ರಿ ನಾಟ್ಯಶಾಲೆಯಲ್ಲಿ ಹೊಂಚಿ ಕೂತು ಕೀಚಕನನ್ನು ಮಾಂಸದ ಮುದ್ದೆ ಮಾಡಿ, ಆ ಕೆಲಸವನ್ನು ಯಾರೋ ಗಂಧರ್ವರ ತಲೆಗೆ ಕಟ್ಟಿದ. ರಾಜ ಸೋತಲ್ಲಿ ಮುಸುಕಿನವನೊಬ್ಬ ಕತ್ತಲಲ್ಲಿ ಬಂದು ಶಿಕ್ಷೆ ಕೊಡುವುದು, ಊರಿನಲ್ಲಿ ಅವನ ಬಗ್ಗೆ ವದಂತಿ ಹಬ್ಬುವುದು, ಅಮೆರಿಕದ ಕಾಮಿಕ್ಸಿನ ಇಡೀ ಮೂಲಧಾತು ವಿರಾಟಪರ್ವದಲ್ಲೇ ಇದೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು: ಸಾಯಲೇಬೇಕಾದ ಆ ಖಳನ ಮೋಹವನ್ನು ಅವರು ಕುಣಿದು ತೋರಿಸುತ್ತಿದ್ದಾಗ ಸಭೆ ಅವನ ಪಕ್ಷಕ್ಕೇ ವಾಲಿಬಿಡುತ್ತಿತ್ತು. ಒಳ್ಳೆಯ ಪ್ರಸಂಗದಲ್ಲಿ ಕೊಲ್ಲಲ್ಪಡುವವನಿಗೂ ಒಂದು ಜೀವ ಇರುತ್ತದೆ.

ಆದರೆ ಕೀಚಕನನ್ನು ಕೊಂದ ಮೇಲೆ ಭೀಮ ಎಲ್ಲಿಗೆ ಹೋದ? ಅಡುಗೆಮನೆಗೆ. ಬೆಳಗಾಗುವುದರೊಳಗೆ ಅವನು ಮತ್ತೆ ವಲಲ. ಒಲೆ ಉರಿಸಬೇಕು, ಅರಮನೆಯವರಿಗೆ ಉಣಬಡಿಸಬೇಕು. ಪರಶುರಾಮನ ಕಥೆ ಇನ್ನೂ ಕಠಿಣವಾದದ್ದು. ಜಮದಗ್ನಿಯ ಕೊಲೆಗೆ ಪ್ರತಿಯಾಗಿ ಸಮಂತಪಂಚಕದ ಐದು ಮಡುಗಳನ್ನು ರಕ್ತದಿಂದ ತುಂಬಿಸಿದವನನ್ನು ಕೊನೆಗೆ ಪಿತೃಗಳೇ ಬಂದು ಸಾಕು ಎನ್ನುತ್ತಾರೆ. ಅವನು ನಿಲ್ಲುತ್ತಾನೆ. ಗೆದ್ದ ಭೂಮಿಯನ್ನೆಲ್ಲ ಕಶ್ಯಪರಿಗೆ ದಾನ ಕೊಟ್ಟರೆ, ಇನ್ನು ನನ್ನ ನೆಲದಲ್ಲಿ ನೀನಿರಬಾರದು ಎಂದು ಕಶ್ಯಪರೇ ಅವನನ್ನು ಹೊರಡಿಸುತ್ತಾರೆ. ಆಗ ಕಡಲು ಹಿಂದೆ ಸರಿದು ಬಿಟ್ಟುಕೊಟ್ಟ ನೆಲವೇ ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ಈ ಕರಾವಳಿ ಎಂಬ ಐತಿಹ್ಯವನ್ನು ನೀವೇ ಎಷ್ಟೋ ಸಲ ಅರ್ಥದಲ್ಲಿ ಹೇಳಿರುತ್ತೀರಿ. ನಾವು ಕೂತಿರುವ ನೆಲ, ಕೊಲ್ಲುವುದನ್ನು ನಿಲ್ಲಿಸಿದವನೊಬ್ಬನಿಗೆ ಸಿಕ್ಕ ನೆಲ.

ಫ್ರಾಂಕ್ ಕ್ಯಾಸಲ್‌ಗೆ ಅಡುಗೆಮನೆಯಿಲ್ಲ, ಸಾಕು ಎನ್ನುವ ಪಿತೃಗಳೂ ಇಲ್ಲ. ಎನ್ನಿಸ್ ಅವರ ಬಿಡಿ ಕಥೆಗಳು ಹಿಡಿದಿರುವ ಎಳೆ ಇದೇ. ಸಂಕಲನದ ಎರಡನೆಯ ಕಥೆ 'ದಿ ಸೆಲ್' 2005ರದು, ಚಿತ್ರ ಲೂಯಿಸ್ ಲಾರೋಸಾ ಅವರದು. ಅದರಲ್ಲಿ ಅವನು ತಾನಾಗಿ ಪೊಲೀಸರಿಗೆ ಶರಣಾಗಿ ಜೈಲು ಸೇರುತ್ತಾನೆ, ಏಕೆಂದರೆ ಸೆಂಟ್ರಲ್ ಪಾರ್ಕಿನ ಆ ದಿನದ ಗುಂಡಿನ ಕಾಳಗಕ್ಕೆ ಕಾರಣರಾದ ಮುದಿ ಮಾಫಿಯಾ ಮಂದಿ ಇರುವುದು ಆ ಜೈಲಿನಲ್ಲಿ. ಅವರನ್ನು ತಲುಪುತ್ತಾನೆ, ಕೊಲ್ಲುತ್ತಾನೆ. ಸೇಡಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಲೆಕ್ಕ ಚುಕ್ತಾ ಆಯಿತಲ್ಲ! ಆದರೂ ಅವನು ನಿಲ್ಲುವುದಿಲ್ಲ. ಹಾಗಾದರೆ ಅವನನ್ನು ಓಡಿಸುತ್ತಿದ್ದದ್ದು ಸೇಡೇ ಹೌದೇ ಎಂಬ ಪ್ರಶ್ನೆ ಓದುಗನ ಮುಂದೆ ಉಳಿಯುತ್ತದೆ.

ಅದಕ್ಕೆ ಉತ್ತರ ಮೊದಲನೆಯ ಕಥೆಯಲ್ಲಿದೆ. ವಿಲಿಯಂ ಬ್ಲೇಕ್ ಕವಿಯ 1794ರ ಪದ್ಯದಿಂದ ಹೆಸರು ಪಡೆದ 'ದಿ ಟೈಗರ್' 2006ರಲ್ಲಿ ಬಂದದ್ದು. ಕಾಲ 1960, ಸ್ಥಳ ಬ್ರೂಕ್ಲಿನ್, ಫ್ರಾಂಕ್ ಹತ್ತು ವರ್ಷದ ಹುಡುಗ. ಕೇರಿಯ ಮಾಫಿಯಾ ದೊರೆಯ ಮಗ ಹೆಣ್ಣುಮಕ್ಕಳನ್ನು ಹಾಳುಮಾಡುತ್ತಾನೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ನೆರೆಮನೆಯ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಳ್ಳುತ್ತಾಳೆ. ಸೈನ್ಯದಲ್ಲಿದ್ದ ಅವಳ ಅಣ್ಣ ಊರಿಗೆ ಮರಳಿ ಆ ಮಗನನ್ನು ಜೀವಂತ ಸುಡುತ್ತಾನೆ. ಹುಡುಗ ಫ್ರಾಂಕ್ ಅದನ್ನು ಮರೆಯಲ್ಲಿ ನಿಂತು ನೋಡುತ್ತಾನೆ.

ಇದನ್ನು ಚಿತ್ರಿಸಿದ ಜಾನ್ ಸೆವೆರಿನ್ 1921ರಲ್ಲಿ ಹುಟ್ಟಿದವರು, ಯುದ್ಧದ ಕಾಮಿಕ್ಸುಗಳಲ್ಲಿ ಪಳಗಿದ ಕೈ, ಈ ಪುಟಗಳನ್ನು ಬರೆಯುವಾಗ ಅವರಿಗೆ ಎಂಬತ್ತು ದಾಟಿತ್ತು. ಭತ್ತದ ಸಸಿ ನೆಟ್ಟಂತೆ ಒತ್ತಾಗಿ ಹಾಕಿದ ಸಣ್ಣ ಶಾಯಿಗೆರೆಗಳಲ್ಲಿ ಮುಖಗಳನ್ನು ಕಡೆಯುತ್ತಾರೆ. ಅವರ ಹುಡುಗ ಕಾಮಿಕ್ಸಿನ ಹುಡುಗನಂತೆ ಕಣ್ಣರಳಿಸಿ ಬೆಚ್ಚುವುದಿಲ್ಲ, ನೋಡುತ್ತಾನೆ ಅಷ್ಟೆ. ಆ ನೋಟದಿಂದಾಗಿಯೇ ಈ ಕಥೆ ನನಗೆ ಮೂರರಲ್ಲಿ ಶ್ರೇಷ್ಠವೆನಿಸಿದ್ದು. ಹೆಂಡತಿ ಮಕ್ಕಳ ಸಾವು ಅವನನ್ನು ಹೀಗೆ ಮಾಡಿತು ಎಂದು ಮೂವತ್ತು ವರ್ಷ ನಂಬಿಸಿಕೊಂಡು ಬಂದಿದ್ದರು. ಎನ್ನಿಸ್ ಅದಕ್ಕೂ ಹಿಂದೆ ಹೋಗಿ, ಹುಲಿ ಮೊದಲೇ ಒಳಗಿತ್ತು, ಸಾವು ಬಂದು ಬೋನಿನ ಬಾಗಿಲು ತೆಗೆಯಿತಷ್ಟೇ ಎನ್ನುತ್ತಾರೆ. ಉತ್ತರ ಐರ್ಲೆಂಡಿನ ಗಲಭೆಯ ವರ್ಷಗಳಲ್ಲಿ ಬೆಳೆದ ಬರಹಗಾರನಿಗೆ, ಕೊಲ್ಲಲು ಒಂದು ಒಳ್ಳೆಯ ಕಾರಣಕ್ಕಾಗಿ ಕಾದಿರುವವರ ಪರಿಚಯ ಪುಸ್ತಕದಿಂದ ಆಗಬೇಕಿರಲಿಲ್ಲ ಎಂದು ಊಹಿಸುತ್ತೇನೆ.

ಉದ್ಧತ ನಾಯಕ ಎಂಬ ಪದವೂ ಇವನಿಗೆ ಪೂರ್ತಿ ಹೊಂದದು ಎಂದದ್ದು ಇದಕ್ಕೇ. ಭೀಮನ ಔದ್ಧತ್ಯಕ್ಕೆ ದ್ರೌಪದಿಯ ಬಿಚ್ಚಿದ ಮುಡಿ ಕಾರಣ, ಮುಡಿ ಕಟ್ಟಿದ ದಿನ ಅದಕ್ಕೆ ಕೊನೆ. ಇವನದಕ್ಕೆ ಮುಡಿಯೂ ಇಲ್ಲ, ಕಟ್ಟುವ ದಿನವೂ ಇಲ್ಲ. ಇನ್ನೊಂದು ಮಾತು ತಾಳಮದ್ದಲೆಯವರಾದ ನಿಮಗೆಂದೇ ಹೇಳುತ್ತಿದ್ದೇನೆ. 'ವಾಲಿ ವಧೆ'ಯಲ್ಲಿ ಬಾಣ ನಾಟಿದ ಮೇಲೂ ವಾಲಿಗೆ ಒಂದು ಗಂಟೆಯ ಅರ್ಥವಿದೆ. ಯಾವ ಹಕ್ಕಿನಿಂದ ಮರದ ಮರೆಯಲ್ಲಿ ನಿಂತು ಹೊಡೆದೆ ಎಂದು ಅವನು ರಾಮನನ್ನೇ ಕೇಳುತ್ತಾನೆ, ರಾಮ ಉತ್ತರಿಸಲೇಬೇಕು. ಪನಿಶರ್ ಕಥೆಗಳಲ್ಲಿ ಆ ಪ್ರಶ್ನೆ ಕೇಳುವಷ್ಟು ಹೊತ್ತು ಯಾರೂ ಬದುಕಿರುವುದಿಲ್ಲ. ಓದುಗನೇ ವಾಲಿಯ ಅರ್ಥ ಹೇಳಬೇಕಾಗುತ್ತದೆ. ನೀವು ಓದಬೇಕು ಎನ್ನುವುದಕ್ಕೆ ನನಗೆ ತೋಚುವ ಕಾರಣ ಅದು.

ಪ್ರಶ್ನೆ: ಒಂಬತ್ತನೆಯ ತರಗತಿಯ ನನ್ನ ಮಗ ಈ ಪುಸ್ತಕಗಳನ್ನು ಕೇಳುತ್ತಿದ್ದಾನೆ. ಚಿತ್ರಕಥೆಯೇ ತಾನೆ, ಕೊಡಿಸಬಹುದೇ?
— ಗೃಹಿಣಿ, ಕುಮಟಾ

ಉತ್ತರ: ಈ ಸಂಕಲನವನ್ನು ಬೇಡ, ತಾಯಿ. ಚಿತ್ರಕಥೆ ಎಂದ ಮಾತ್ರಕ್ಕೆ ಮಕ್ಕಳದು ಎಂದು ತಿಳಿಯಬಾರದು. ಅಮೆರಿಕದಲ್ಲಿ 1954ರಿಂದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡುಗಳಿದ್ದವು. ಅಪರಾಧಿಗೆ ಶಿಕ್ಷೆಯಾಗಲೇಬೇಕು, ಪೊಲೀಸರ ಮೇಲೆ ಅಗೌರವ ಹುಟ್ಟುವಂತೆ ಬರೆಯಬಾರದು ಎಂದೆಲ್ಲ ಇತ್ತು. ಕಪ್ಪು ಬಿಳುಪಿನ ದೊಡ್ಡ ಮ್ಯಾಗಜಿನ್‌ಗಳು ಆ ಕಟ್ಟಿಗೆ ಒಳಪಟ್ಟಿರಲಿಲ್ಲ, ಪನಿಶರ್‌ನ ಕುಟುಂಬದ ಕೊಲೆಯ ಕಥೆ ಮೊದಲು 1975ರಲ್ಲಿ ಅಂಥದೊಂದರಲ್ಲೇ ಬಂತು. 2001ರಲ್ಲಿ ಮಾರ್ವೆಲ್ ಆ ಕಟ್ಟಿನಿಂದ ಹೊರಬಂದು, ಅದೇ ವರ್ಷ 'ಮ್ಯಾಕ್ಸ್' ಎಂಬ ಹೆಸರಿನಲ್ಲಿ ವಯಸ್ಕರಿಗೆಂದೇ ಬೇರೆ ಶಾಖೆ ತೆರೆಯಿತು. ನಾನು ಹೇಳಿದ ಮೂರೂ ಕಥೆಗಳು ಆ ಶಾಖೆಯವು. ಹೊದಿಕೆಯ ಮೇಲೆ ಆ ಪದ ಇದೆಯೇ ಎಂದು ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಮೊದಲ ಕಥೆಯ ತಿರುಳೇ ಅತ್ಯಾಚಾರ. ಹದಿನಾಲ್ಕರ ಹುಡುಗ ಒಬ್ಬನೇ ಕೂತು ಓದುವಂಥದ್ದಲ್ಲ. ಬೇಡ ಎನ್ನುವಾಗ ಕಾರಣವನ್ನೂ ಹೇಳಿ. ನಾನು ಕಾರಣ ಹೇಳದೆ ನನ್ನ ಪ್ರತಿಯನ್ನು ಅಟ್ಟದ ಮೇಲೆ ಅಡಿಕೆ ಚೀಲಗಳ ಹಿಂದೆ ಇಟ್ಟಿದ್ದೆ. ಚೌತಿಗೆ ಬಂದ ತಂಗಿಯ ಮಗ ಎರಡನೆಯ ದಿನವೇ ಅದನ್ನು ಹುಡುಕಿ ತೆಗೆದಿದ್ದ.

ಪ್ರಶ್ನೆ: ನಾನು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸುತ್ತಿದ್ದೇನೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ತಲೆಬುರುಡೆಯ ಸ್ಟಿಕ್ಕರನ್ನು ಬೈಕಿಗೆ ಅಂಟಿಸಿದ್ದೇನೆ. ಪಾತಕಿಗಳಿಗೆ ಹೆದರಿಕೆ ಹುಟ್ಟಿಸುವ ಗುರುತು ಪೊಲೀಸನಿಗೆ ಒಪ್ಪುವಂಥದ್ದೇ ಅಲ್ಲವೇ? ಗೆಳೆಯರು ನಗುತ್ತಾರೆ.
— ಅಂಕೋಲಾ

ಉತ್ತರ: ನಿಮ್ಮ ಪ್ರಶ್ನೆಗೆ ಸ್ವತಃ ಪನಿಶರ್ ಉತ್ತರ ಕೊಟ್ಟಿದ್ದಾನೆ. ಅಮೆರಿಕದ ಸೈನಿಕರೂ ಪೊಲೀಸರೂ ಆ ತಲೆಬುರುಡೆಯನ್ನು ವಾಹನಗಳಿಗೂ ಸಮವಸ್ತ್ರಕ್ಕೂ ಅಂಟಿಸಿಕೊಳ್ಳತೊಡಗಿದ ಮೇಲೆ, 2019ರಲ್ಲಿ ಮ್ಯಾಥ್ಯೂ ರೋಸೆನ್‌ಬರ್ಗ್ ಬರೆದ ಸಂಚಿಕೆಯೊಂದರಲ್ಲಿ ಹೀಗೊಂದು ದೃಶ್ಯ ಬಂತು. ಇಬ್ಬರು ಪೊಲೀಸರು ಅವನನ್ನು ಗುರುತಿಸಿ, ಹಿಗ್ಗಿ, ನಾವು ನಿಮ್ಮ ಅಭಿಮಾನಿಗಳು ಎಂದು ತಮ್ಮ ಕಾರಿಗೆ ಅಂಟಿಸಿದ ತಲೆಬುರುಡೆಯನ್ನು ತೋರಿಸುತ್ತಾರೆ. ಅವನು ಅದನ್ನು ಕಿತ್ತು ಹರಿದುಹಾಕುತ್ತಾನೆ. ನೀವು ಕಾನೂನು ಕಾಯುವುದಾಗಿ ಪ್ರಮಾಣ ಮಾಡಿದವರು, ನಾನು ಅದನ್ನು ಎಂದೋ ಬಿಟ್ಟವನು, ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕ ಇದ್ದಾನೆ ಎಂಬರ್ಥದ ಮಾತನ್ನಾಡಿ ಹೊರಟುಹೋಗುತ್ತಾನೆ. ಪಾತ್ರವನ್ನು ಸೃಷ್ಟಿಸಿದ ಕಾನ್ವೇ ಕೂಡ ಪೊಲೀಸರು ಆ ಗುರುತು ಧರಿಸುವುದನ್ನು ಬಹಿರಂಗವಾಗಿ ಖಂಡಿಸಿದರು. 2020ರಲ್ಲಿ ಅದೇ ತಲೆಬುರುಡೆಯನ್ನು ಕರಿಯರ ಹಕ್ಕಿನ ಚಳವಳಿಗೆ ನೆರವಾಗುವ ಅಂಗಿಗಳ ಮೇಲೆ ಹೊಸದಾಗಿ ಬಿಡಿಸಲು ಯುವ ಚಿತ್ರಕಾರರನ್ನು ಕರೆದರು. 2022ರ ಹೊಸ ಸರಣಿಯಲ್ಲಿ ಮಾರ್ವೆಲ್ ಆ ಗುರುತಿನ ಆಕಾರವನ್ನೇ ಬದಲಾಯಿಸಿತು.

ಆ ಗುರುತಿನ ಹಿಂದಿರುವ ಕಥೆ, ಪೊಲೀಸ್ ಮತ್ತು ಕೋರ್ಟು ಎರಡೂ ಸೋತವು ಎಂಬ ಕಥೆ. ಅದನ್ನು ಪೊಲೀಸನೇ ಹೊತ್ತು ತಿರುಗಿದರೆ, ನನ್ನಿಂದ ಏನೂ ಆಗದು ಎಂದು ತಾನೇ ಬೋರ್ಡು ಬರೆಸಿ ಹಾಕಿಕೊಂಡಂತೆ. ಬೈಕಿನಿಂದ ಸ್ಟಿಕ್ಕರ್ ತೆಗೆಯುವಾಗ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಬಿಟ್ಟರೆ ಅಂಟು ಸಲೀಸಾಗಿ ಬಿಡುತ್ತದೆ. ಪರೀಕ್ಷೆಗೆ ಶುಭವಾಗಲಿ.

ಪ್ರಶ್ನೆ: ಇಂಥ ಕಥೆಗಳನ್ನು ಕನ್ನಡಕ್ಕೆ ತರಲು ಸಾಧ್ಯವೇ? ನಾನು ಅನುವಾದದಲ್ಲಿ ಆಸಕ್ತಿಯುಳ್ಳವಳು. ಮೂರನೆಯ ಕಥೆಯನ್ನು ಓದಿ ಎರಡು ದಿನ ಮನಸ್ಸು ಕೆಟ್ಟಿತು, ಆದರೂ ಅದನ್ನೇ ಅನುವಾದಿಸಬೇಕೆನಿಸುತ್ತಿದೆ.
— ಶಿಕ್ಷಕಿ, ಯಲ್ಲಾಪುರ

ಉತ್ತರ: ಮನಸ್ಸು ಕೆಡುವುದು ಸಹಜ. 2004ರ 'ದಿ ಎಂಡ್' ಅಣುಯುದ್ಧ ಮುಗಿದ ಮೇಲಿನ ಕಥೆ. ಜೈಲಿನಲ್ಲಿ ಉಳಿದುಕೊಂಡಿದ್ದ ಮುದುಕ ಕ್ಯಾಸಲ್ ಇನ್ನೊಬ್ಬ ಕೈದಿಯ ಜೊತೆ ವಿಷದ ಗಾಳಿಯಲ್ಲಿ ನ್ಯೂಯಾರ್ಕಿಗೆ ನಡೆದು ಹೋಗುತ್ತಾನೆ. ನೆಲದಡಿಯ ಆಶ್ರಯದಲ್ಲಿ ಲೋಕವನ್ನು ಸುಟ್ಟವರು ಅಡಗಿದ್ದಾರೆ, ಅವರೇ ಮನುಷ್ಯಕುಲದ ಕೊನೆಯ ಬೀಜ. ಅವನು ಅವರನ್ನೂ ಕೊಲ್ಲುತ್ತಾನೆ, ಆಮೇಲೆ ಹೆಂಡತಿ ಮಕ್ಕಳು ಸತ್ತ ಉದ್ಯಾನದ ಕಡೆಗೆ ಬೆಂಕಿಯಲ್ಲಿ ನಡೆಯುತ್ತಾನೆ. ರಿಚರ್ಡ್ ಕಾರ್ಬೆನ್ ಅವರ ಚಿತ್ರಗಳಲ್ಲಿ ಮೈಗಳೆಲ್ಲ ಬೇಯಿಸಿದ ಗೆಣಸಿನಂತೆ ಉಬ್ಬಿ ತಗ್ಗಿವೆ. ನನ್ನ ಪ್ರತಿ ಅಂಚೆಯಲ್ಲಿ ಬರುವಾಗ ಆಷಾಢದ ಮಳೆಗೆ ತೊಯ್ದು ಆ ಕೊನೆಯ ಪುಟಗಳು ಒಂದಕ್ಕೊಂದು ಅಂಟಿದ್ದವು. ಬೆಂಕಿಯ ಪುಟಗಳನ್ನು ಒಲೆಯ ಬಿಸಿಗೆ ಹಿಡಿದು ಬಿಡಿಸಿ ಓದಿದ್ದು ನನಗೆ ಮರೆಯದು.

ರವೀಂದ್ರನಾಥ ಟಾಗೋರರು ಇಪ್ಪತ್ತೆರಡು ವರ್ಷ ವಯಸ್ಸಿನ ಆಸುಪಾಸಿನಲ್ಲಿ ಕಾರವಾರದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದಾಗ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು, ಪ್ರತಿಶೋಧವೆಂದರೆ ಸೇಡು. ಲೋಕದ ನಂಟನ್ನೆಲ್ಲ ಕಡಿದುಕೊಂಡೆನೆಂದು ಬೀಗುವ ಸನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆಯುತ್ತದೆ. ಪ್ರಕೃತಿ ತೀರಿಸಿಕೊಂಡ ಸೇಡು ಅದು. ಕ್ಯಾಸಲ್ ಕೂಡ ಒಂದು ಬಗೆಯ ಸನ್ಯಾಸಿಯೇ, ಆದರೆ ಎನ್ನಿಸ್ ಕಥೆಯಲ್ಲಿ ಅವನನ್ನು ಹಿಂದಕ್ಕೆ ಎಳೆಯಲು ಯಾವ ಹುಡುಗಿಯೂ ಇಲ್ಲ. ಎರಡನ್ನೂ ಒಟ್ಟಿಗೆ ಓದಿಕೊಂಡರೆ ನಿಮ್ಮ ಅನುವಾದಕ್ಕೆ ಧಾತು ಸಿಕ್ಕೀತು.

ಭಾಷೆಯ ಮಾತಿಗೆ ಬಂದರೆ, ಕನ್ನಡಕ್ಕೆ ಇಲ್ಲಿ ಒಂದು ಅನುಕೂ‍ಲವಿದೆ. ಕ್ಯಾಸಲ್ ತನ್ನ ಕಥೆಯನ್ನು ತಾನೇ ತುಂಡು ತುಂಡಾಗಿ, ದಿನಚರಿಯಂತೆ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಪ್ರತಿ ಕ್ರಿಯೆಗೂ 'ನಾನು' ಎಂಬುದು ಮುಂದೆ ನಿಲ್ಲಬೇಕು, ಇಲ್ಲವೇ ಅದನ್ನು ಬೇಕೆಂದೇ ಕತ್ತರಿಸಬೇಕು. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಅವನು ಕೂತಿರುತ್ತಾನೆ: ಕಾದೆ, ಎಣಿಸಿದೆ, ಹೊಡೆದೆ. ತಾನೆಂಬುದನ್ನು ಒರೆಸಿಕೊಂಡವನ ಮಾತಿಗೆ ಇದು ಹೇಳಿ ಮಾಡಿಸಿದಂತಿದೆ. ತೊಡಕಿರುವುದು ಮಾತಿನ ಗುಳ್ಳೆಗಳಲ್ಲಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆಂದು ಅಳೆದು ಬಿಡಿಸಿದ ಗುಳ್ಳೆಯೊಳಗೆ ನಮ್ಮ ಒತ್ತಕ್ಷರ, ಗುಣಿತಗಳು ಮೇಲೆ ಕೆಳಗೆ ಜಾಗ ಬೇಡುತ್ತವೆ, ಆದ್ದರಿಂದ ಅರ್ಥಕ್ಕಿಂತ ಮೊದಲು ಸಾಲುಗಳನ್ನು ಎಣಿಸಿಕೊಳ್ಳಿ. ಮಾಫಿಯಾ ಮಂದಿಯ ಬಾಯಿಗೆ ಯಾವ ಕನ್ನಡ ಎಂಬುದು ಇನ್ನೊಂದು ಕಷ್ಟ. ಬ್ರೂಕ್ಲಿನ್ನಿನ ಇಟಲಿ ವಲಸಿಗರ ಇಂಗ್ಲಿಷಿಗೆ ಸಾಟಿಯಾಗಿ ನಮ್ಮ ಯಾವುದೋ ಊರಿನ, ಯಾವುದೋ ಕೇರಿಯ ಆಡುನುಡಿಯನ್ನು ತಂದಿಟ್ಟರೆ ಆ ಊರಿನವರೆಲ್ಲ ಗೂಂಡಾಗಳಾಗಿ ಕಾಣುತ್ತಾರೆ. ನಮ್ಮ ಸಿನಿಮಾದವರು ಆ ತಪ್ಪನ್ನು ಬೇಕಾದಷ್ಟು ಮಾಡಿದ್ದಾರೆ. ಅವರಿಗೆ ಸಾದಾ ಕನ್ನಡವನ್ನೇ ಕೊಟ್ಟು, ಮಾತಿನ ಲಯವನ್ನು ಮಾತ್ರ ಒಡ್ಡೊಡ್ಡಾಗಿಸಿ. ಇನ್ನು ಗುಂಡಿನ ಸದ್ದಿಗೆ 'ಢಂ' ಎಂದು ಬರೆದರೆ ದೀಪಾವಳಿಯ ನೆನಪಾಗುತ್ತದೆ. ನಾನಾಗಿದ್ದರೆ ಸದ್ದಿನ ಅಕ್ಷರಗಳನ್ನು ಮೂಲದಲ್ಲಿದ್ದಂತೆಯೇ ಚಿತ್ರದ ಭಾಗವಾಗಿ ಬಿಟ್ಟು, ಆ ಕೊನೆಯ ನಡಿಗೆಯ ಪುಟಗಳಿಂದಲೇ ಅನುವಾದ ಶುರುಮಾಡುತ್ತಿದ್ದೆ. ಅಲ್ಲಿ ಮಾತು ಕಡಿಮೆ, ಇರುವ ಒಂದೊಂದು ಪದವೂ ತೂಗುತ್ತದೆ. ಒಂದು ಪುಟ ಮಾಡಿ ಕಳಿಸಿ, ನೋಡೋಣ.